ದಾಮಗ್ರಂಥಿಯ ಕೈಗೆಲಸ: ಕುದುರೆಯ ಬಾಲ ಮತ್ತು ಕಾವ್ಯದ ಕಣ್ಣು

ವಿರಾಟನಗರಿಯಲ್ಲಿ ಪಾಂಡವರು ಹೊತ್ತ ಹೆಸರುಗಳನ್ನು ಕನ್ನಡದ ಓದುಗರು ಒಂದೇ ಉಸಿರಿನಲ್ಲಿ ಹೇಳಬಲ್ಲರು: ಕಂಕ, ವಲಲ, ಬೃಹನ್ನಳೆ, ದಾಮಗ್ರಂಥಿ, ತಂತ್ರಿಪಾಲ, ಜೊತೆಗೆ ಸೈರಂಧ್ರಿ. ಇವರಲ್ಲಿ ವಲಲನಿಗೆ ಅಡುಗೆಮನೆಯೂ ಕೀಚಕನೂ ಇದ್ದಾರೆ. ಬೃಹನ್ನಳೆಗೆ ನಾಟ್ಯಶಾಲೆಯೂ ಉತ್ತರಕುಮಾರನ ರಥವೂ ಇವೆ. ಕಂಕನಿಗೆ ವಿರಾಟ ಎಸೆದ ದಾಳದ ಪೆಟ್ಟಿದೆ, ನೆಲಕ್ಕೆ ಬೀಳಬಾರದ ನೆತ್ತರಿದೆ. ದಾಮಗ್ರಂಥಿಗೆ ಇರುವುದು ಲಾಯವೊಂದೇ. ಒಂದು ವರ್ಷ ನಕುಲ ಅಲ್ಲಿ ಏನು ಮಾಡಿದ ಎಂಬ ಪ್ರಶ್ನೆಯನ್ನು ಕಾವ್ಯಗಳು ಹೆಚ್ಚು ಹೊತ್ತು ಹಿಡಿದುಕೊಳ್ಳುವುದಿಲ್ಲ. ಕಾವ್ಯಗಳು ಬಿಟ್ಟದ್ದನ್ನು ವಿಮರ್ಶೆಯೂ ಬಿಟ್ಟಿದೆ. ಕೀಚಕವಧೆಗೂ ಗೋಗ್ರಹಣಕ್ಕೂ ನಡುವಿನ ಭರ್ತಿಯಂತೆ ಅವನ ಪ್ರಸಂಗ ಓದಿಸಿಕೊಂಡು ಹೋಗುತ್ತದೆ. ಲಾಯದಲ್ಲಿ ಏನಾಗುತ್ತದೆ ಎಂಬುದನ್ನು, ಅದರಲ್ಲೂ ಲಾಯದ ಅತ್ಯಂತ ಹಿಂಬದಿಯ ಕೆಲಸವಾದ ಬಾಲದ ಸಿಕ್ಕು ಬಿಡಿಸುವುದನ್ನು, ಮುಂದಿಟ್ಟುಕೊಂಡು ಆ ಹೆಸರನ್ನು ಮತ್ತೊಮ್ಮೆ ಓದಿದರೆ ಕನ್ನಡ ಕಾವ್ಯದ ಕಣ್ಣು ಎಲ್ಲಿ ನೆಲೆಸುತ್ತದೆ, ಎಲ್ಲಿಂದ ಜಾರುತ್ತದೆ ಎಂಬುದು ಸ್ವಲ್ಪ ಸ್ಪಷ್ಟವಾಗುತ್ತದೆ.

ದಾಮವೆಂದರೆ ಹಗ್ಗ, ಗ್ರಂಥಿಯೆಂದರೆ ಗಂಟು. ಪುಣೆಯ ಪರಿಷ್ಕೃತ ಪಾಠದಲ್ಲಿ ನಕುಲನ ಹೆಸರು ಗ್ರಂಥಿಕ ಎಂದಿದೆ. ದಾಮಗ್ರಂಥಿ ಎಂಬುದು ದಕ್ಷಿಣದ ಪಾಠಪರಂಪರೆಯ ರೂಪ, ತೆಲುಗಿನವರಿಗೂ ಕನ್ನಡಿಗರಿಗೂ ಪರಿಚಿತವಾದದ್ದು ಅದೇ. ಗ್ರಂಥಿಕ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು. ಪತಂಜಲಿಯ ಮಹಾಭಾಷ್ಯದಲ್ಲಿ ಕಂಸವಧೆಯಂಥ ಕತೆಗಳನ್ನು ಬಾಯಿಮಾತಿನಲ್ಲಿ ನಿರೂಪಿಸುವವರು ಗ್ರಂಥಿಕರು. ಗಂಟು, ಗ್ರಂಥ, ಗ್ರಂಥಿಕ ಮೂರೂ ಕಟ್ಟುವ ಕ್ರಿಯೆಯ ಒಂದೇ ಧಾತುವಿನಿಂದ ಹೊರಟವು. ತಾಳೆಗರಿಗೆ ತೂತು ಕೊರೆದು ದಾರ ಪೋಣಿಸಿ ಗಂಟು ಹಾಕಿದ ಕಟ್ಟು ಗ್ರಂಥವಾಯಿತು. ಹಾಗಾದರೆ ಲಾಯದ ನಕುಲನನ್ನು ಕಥೆಗಾರನೆಂದು ಓದುವುದೂ ಸಾಧ್ಯ. ಆದರೆ ದಕ್ಷಿಣದ ಪಾಠ ಆ ಬಾಗಿಲನ್ನು ಮುಚ್ಚಿದೆ. ಗಂಟು ಯಾವುದರದು ಎಂಬ ಸಂದೇಹಕ್ಕೆ ಎಡೆಯಿಲ್ಲದಂತೆ ಮುಂದೆ ಹಗ್ಗವನ್ನೇ ಕಟ್ಟಿಟ್ಟಿದೆ. ದನ ಕಟ್ಟುವ ದಾವಣಿ ಎಂಬ ಮಾತನ್ನು ಬಲ್ಲ ಕನ್ನಡದ ಕಿವಿಗೆ ದಾಮ ದೂರದ ಸಂಸ್ಕೃತವಾಗಿ ಕೇಳಿಸದು.

ಸಹದೇವನ ಹೆಸರಿಗೆ ಆದದ್ದನ್ನು ಜೊತೆಯಲ್ಲೇ ನೋಡಬೇಕು. ಸಂಸ್ಕೃತದ ತಂತಿಪಾಲನಲ್ಲಿರುವ ತಂತಿ ಕರುಗಳನ್ನು ಸಾಲಾಗಿ ಕಟ್ಟುವ ಉದ್ದನೆಯ ಹಗ್ಗ. ಕನ್ನಡದಲ್ಲಿ ಅವನು ತಂತ್ರಿಪಾಲ. ತಂತ್ರಿ ಎಂದೊಡನೆ ವೀಣೆಯ ತಂತಿ ನೆನಪಾಗುತ್ತದೆ, ತಂತ್ರವೂ ರಾಜಕಾರ್ಯವೂ ನೆನಪಾಗುತ್ತವೆ. ಕೊಟ್ಟಿಗೆಯ ಹಗ್ಗ ನೆನಪಾಗುವುದಿಲ್ಲ. ಒಂದು ರೇಫ ಸೇರಿದ್ದರಿಂದ ಹೆಸರು ಸೆಗಣಿಯ ವಾಸನೆ ಕಳೆದುಕೊಂಡು ಆಸ್ಥಾನಕ್ಕೆ ಬಂದಿತು. ದಾಮಗ್ರಂಥಿಗೆ ಆ ಭಾಗ್ಯ ಬರಲಿಲ್ಲ. ಅವಳಿಗಳಿಬ್ಬರ ಹೆಸರಿನಲ್ಲೂ ಹಗ್ಗವಿತ್ತು, ಒಬ್ಬನದು ಮಾತ್ರ ಉಳಿಯಿತು.

ನಕುಲ ವಿರಾಟನಲ್ಲಿ ಕೇಳಿಕೊಳ್ಳುವ ಹುದ್ದೆಯೂ ಗಮನಾರ್ಹ. ಸಂಸ್ಕೃತ ಮೂಲದಲ್ಲಿ ಅವನು ತಾನು ಅಶ್ವಬಂಧನಾಗುವೆನೆಂದು ಅಣ್ಣನಿಗೆ ಹೇಳುತ್ತಾನೆ, ಕುದುರೆ ಕಟ್ಟುವವನು ಎಂದು. ಇದೇ ಮಾತು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಅಶ್ವಾಧ್ಯಕ್ಷನ ಅಧ್ಯಾಯದಲ್ಲಿ, ಬೇರೊಂದು ಸಂದರ್ಭದಲ್ಲಿ ಬರುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ತಾಳೆಗರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೃತಿ ಅದು. ಶಾಸ್ತ್ರದ ಶ್ಲೋಕಗಳಿಗಿಂತ ಕಚೇರಿಯ ಕಡತಕ್ಕೆ ಹತ್ತಿರವಾದ ಆ ಅಧ್ಯಾಯ ಲಾಯದ ಅಳತೆ, ಮೇವಿನ ಪ್ರಮಾಣ, ಬಾಣಂತಿ ಕುದುರೆಯ ಆರೈಕೆ ಎಲ್ಲವನ್ನೂ ಹೇಳಿ, ಕುದುರೆಗಳಿಗೆ ದಿನಕ್ಕೆ ಎರಡು ಬಾರಿ ಸ್ನಾನ, ಗಂಧ, ಮಾಲೆಗಳನ್ನು ವಿಧಿಸುತ್ತದೆ. ಅದರಲ್ಲೇ ಲಾಯದ ಆಳುಗಳ ಒಂದು ಪಟ್ಟಿಯಿದೆ: ಹಗ್ಗ ಹಿಡಿಯುವವನು, ಕುದುರೆ ಕಟ್ಟುವವನು, ಹುಲ್ಲು ತರುವವನು, ಮೇವು ಬೇಯಿಸುವವನು, ಲಾಯ ಕಾಯುವವನು, ಕೇಶಕಾರ, ವಿಷವೈದ್ಯ. ತಮ್ಮ ಕೆಲಸದಲ್ಲಿ ತಪ್ಪಿದರೆ ಅವರಿಗೆ ಒಂದು ದಿನದ ಕೂಲಿ ಕಡಿತ.

ಕೇಶಕಾರ ಎಂದರೆ ಕುದುರೆಯ ಕೂದಲಿನ ಕೆಲಸದವನು. ಭಾರತೀಯ ವಾಙ್ಮಯದಲ್ಲಿ ಅವನಿಗೆ ಹೆಸರೂ ಸಂಬಳವೂ ದಂಡವೂ ಒಟ್ಟಿಗೆ ದೊರೆತ ಅಪರೂಪದ ಜಾಗವಿದು. ಅದೇ ಪಟ್ಟಿಯಲ್ಲಿ ಕುದುರೆ ಕಟ್ಟುವವನು ಇದ್ದಾನೆ ಎಂಬುದನ್ನು ಗಮನಿಸಿದರೆ ನಕುಲ ಕೇಳಿದ ಕೆಲಸ ಯಾವ ಸಾಲಿನದೆಂದು ತಿಳಿಯುತ್ತದೆ. ಅವನು ಅಧ್ಯಕ್ಷನ ಪೀಠ ಕೇಳಲಿಲ್ಲ. ದಿನಗೂಲಿ ಕಡಿತವಾಗಬಲ್ಲವರ ಸಾಲಿನಲ್ಲಿ ಒಂದು ಜಾಗ ಕೇಳಿದ.

ಅಂಥವರ ದಿನದ ಕೆಲಸ ಎಂಥದು ಎಂಬುದನ್ನು ಕಾವ್ಯಗಳಿಂದ ಕಲಿಯುವಂತಿಲ್ಲ. ಕುದುರೆಯಿಂದಲೇ ಕಲಿಯಬೇಕು, ಏಕೆಂದರೆ ಕುದುರೆಯ ಬಾಲ ಇಷ್ಟು ಶತಮಾನಗಳಲ್ಲಿ ಬದಲಾಗಿಲ್ಲ. ಹಸುವಿನ ಬಾಲ ಉದ್ದನೆಯ ಮಾಂಸಲ ದಂಡ, ತುದಿಯಲ್ಲಷ್ಟೇ ಕುಚ್ಚು. ಕುದುರೆಯದು ಹಾಗಲ್ಲ. ಮೂಳೆ ಮಾಂಸಗಳಿರುವ ದಂಡ ಗಿಡ್ಡ, ಅದರ ಮೇಲಿಂದ ಕೆಳಗಿನವರೆಗೂ ಒರಟು ನೀಳ ಕೂದಲು. ಮಳೆಗಾಲದಲ್ಲಿ ಬಯಲಿಗೆ ಬಿಟ್ಟು ವಾರಗಟ್ಟಲೆ ಕೈಯಾಡಿಸದ ಕುದುರೆಯ ಬಾಲದಲ್ಲಿ ಜೇಡಿ, ಸೆಗಣಿ, ಹುಲ್ಲಿನ ಮುಳ್ಳುಬೀಜಗಳು ಸೇರಿ ಒಣಗಿ ಮೊದಲು ಹುರಿಗಳಾಗುತ್ತವೆ, ಆಮೇಲೆ ಜಡೆ, ಕೊನೆಗೆ ಒಂದೇ ಒರಟು ದಿಮ್ಮಿ. ಅದು ಬರಿಯ ಅಂದಗೇಡಲ್ಲ. ಸಂಸ್ಕೃತ ಕೋಶಕಾರರು ಬಾಲಕ್ಕೆ ಕೊಟ್ಟ ಹೆಸರುಗಳಲ್ಲಿ ವಾಲಧಿಯ ಪಕ್ಕದಲ್ಲಿ ವಾಲಹಸ್ತ ಎಂಬುದೊಂದಿದೆ. ಅಮರಕೋಶ ಓದಿದವರಿಗೆಲ್ಲ ಗೊತ್ತಿರುವ ಶಬ್ದ. ಕೂದಲಿನ ಕೈ ಎಂದರ್ಥ. ನೊಣ ಓಡಿಸಲು ಕುದುರೆಗಿರುವ ಕೈ ಅದೊಂದೇ. ದಿಮ್ಮಿಯಾದ ಬಾಲ ಬೀಸಿದರೆ ನೊಣ ಏಳುವುದಿಲ್ಲ, ತೊಡೆಗೆ ಪೆಟ್ಟು ಬೀಳುತ್ತದೆ. ಒದ್ದೆ ಉಳಿದ ಬುಡದಲ್ಲಿ ಚರ್ಮ ಬೆಂದು ಹುಣ್ಣಾಗುತ್ತದೆ, ಹುಣ್ಣಿಗೆ ಮತ್ತೆ ನೊಣ ಮುತ್ತುತ್ತದೆ. ಋಗ್ವೇದದ ಮೊದಲ ಮಂಡಲದ ವೃತ್ರವಧೆಯ ಸೂಕ್ತದಲ್ಲಿ ಇಂದ್ರ ಒಂದು ಕ್ಷಣ ಕುದುರೆಯ ಬಾಲದ ಕೂದಲಾಗುತ್ತಾನೆ. ಕುದುರೆ ನೊಣ ಜಾಡಿಸುವುದನ್ನು ದಿನವೂ ಕಂಡ ಕವಿಗೆ ಮಾತ್ರ ಆ ರೂಪ ಹೊಳೆಯಬಲ್ಲದು.

ಇಂಥ ಬಾಲವನ್ನು ಬಿಡಿಸುವ ಕ್ರಮಕ್ಕೆ ಒಂದು ವ್ಯಾಕರಣವೇ ಇದೆ. ಒದ್ದೆ ಕೆಸರಿಗೆ ಬಾಚಣಿಗೆ ಹಾಕಬಾರದು, ಒಣಗಲು ಬಿಡಬೇಕು. ಒಣಗಿದ ಮೇಲೆ ಹೆಂಟೆಗಳನ್ನು ಬೆರಳಿನಲ್ಲೇ ಪುಡಿಗುಟ್ಟಿ ಉದುರಿಸಬೇಕು. ಮೈ ತಿಕ್ಕುವ ಗೊರಪಕ್ಕೆ ಇಲ್ಲಿ ಕೆಲಸವಿಲ್ಲ. ಅದರ ಹಲ್ಲು ಬಾಲದ ಕೂದಲನ್ನು ತುಂಡರಿಸುತ್ತದೆ. ಉಳಿದ ಮಣ್ಣು ನೀರಿನಲ್ಲಿ ಹೋಗಬೇಕು, ಜಡೆಗೆ ಎಣ್ಣೆ ಕುಡಿಸಿ ಮೆತ್ತಗಾಗಿಸಬೇಕು. ಆಸ್ಟ್ರೇಲಿಯದಲ್ಲೋ ಅಮೆರಿಕದಲ್ಲೋ ಕುದುರೆ ಸಾಕುವವರು ಇಂದು ಎಣ್ಣೆಯ ಜಾಗದಲ್ಲಿ ಸಿಲಿಕೋನ್ ಬೆರೆತ ದ್ರವ ಚಿಮುಕಿಸುತ್ತಾರೆ, ಉಳಿದದ್ದೆಲ್ಲ ಹಾಗೆಯೇ. ಆಮೇಲೆ ಕುದುರೆಯ ನೇರ ಹಿಂದೆ ನಿಲ್ಲದೆ ಪಕ್ಕಕ್ಕೆ ನಿಂತು, ಬಾಲವನ್ನು ತನ್ನತ್ತ ತಂದುಕೊಂಡು, ತುದಿಯಿಂದ ಆರಂಭಿಸಬೇಕು. ಬುಡದಿಂದ ಎಳೆದರೆ ಎಲ್ಲ ಗಂಟುಗಳೂ ಕೆಳಗೆ ಜಾರಿ ಒಂದೇ ಗಂಟಾಗುತ್ತವೆ. ತುದಿಯ ನಾಲ್ಕು ಬೆರಳಿನಷ್ಟು ಭಾಗವನ್ನು ಬಿಡಿಸಿ, ಅದರ ಮೇಲಿನ ನಾಲ್ಕು ಬೆರಳು, ಹೀಗೆ ಹತ್ತುತ್ತ ಹೋಗಬೇಕು. ಪ್ರತಿ ಸಲವೂ ಎಡಗೈ ಗಂಟಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದಿರಬೇಕು, ಎಳೆತ ಕೈಗೆ ಬರಬೇಕು, ಕುದುರೆಗೆ ಬರಬಾರದು. ಅವಸರದಲ್ಲಿ ಕಿತ್ತ ಕೂದಲು ಮತ್ತೆ ಹಳೆಯ ಉದ್ದಕ್ಕೆ ಬರಲು ವರ್ಷಗಳೇ ಬೇಕು. ಕತ್ತರಿ ಹಾಕಿದರೆ ಕೆಲಸ ಒಂದು ಗಳಿಗೆಯಲ್ಲಿ ಮುಗಿಯುತ್ತದೆ, ಕುದುರೆ ಮುಂದಿನ ಬೇಸಿಗೆಯ ನೊಣಗಳಿಗೆ ಕೈಯಿಲ್ಲದೆ ನಿಲ್ಲುತ್ತದೆ.

ಇಷ್ಟನ್ನು ವಿವರವಾಗಿ ಹೇಳಿದ್ದು ಏಕೆಂದರೆ ಹೆಸರಿನ ಅರ್ಥ ಇಲ್ಲಿ ತಿರುಗುತ್ತದೆ. ದಾಮಗ್ರಂಥಿ ಎಂದರೆ ಗಂಟು ಹಾಕುವವನೆಂದು ತಿಳಿಯುವುದು ವಾಡಿಕೆ: ಕುದುರೆಯನ್ನು ಗೂಟಕ್ಕೆ ಬಿಗಿಯುವವನು. ಲಾಯದಲ್ಲಿ ದಿನದ ಹೆಚ್ಚು ಹೊತ್ತು ನಡೆಯುವುದು ಬಿಚ್ಚುವ ಕೆಲಸ. ನಕುಲ ತನ್ನ ಅರ್ಹತೆಯೆಂದು ವಿರಾಟನ ಮುಂದೆ ಹೇಳಿಕೊಳ್ಳುವುದನ್ನು ನೋಡಿದರೂ ಅದೇ ಧಾಟಿ. ಕುದುರೆಗಳ ಸ್ವಭಾವ ಬಲ್ಲೆ, ಅವನ್ನು ಪಳಗಿಸಬಲ್ಲೆ, ದುಷ್ಟ ಕುದುರೆಗಳನ್ನು ಸರಿಪಡಿಸಬಲ್ಲೆ, ತನ್ನ ಕೈಯಲ್ಲಿರುವ ಕುದುರೆಗೆ ಅಂಜಿಕೆಯಾಗಲಿ ರೋಗವಾಗಲಿ ಇಲ್ಲ ಎಂಬ ಅಭಿಪ್ರಾಯದ ಮಾತುಗಳವು. ಹಿಂಗಾಲಿನ ಬಳಿ ನಿಂತು ಬಾಲ ಮುಟ್ಟಿಸಿಕೊಳ್ಳುವ ಕುದುರೆಯೆಂದರೆ ಆಳನ್ನು ಪೂರ್ತಿ ನಂಬಿದ ಕುದುರೆ ಎಂಬುದು ಇಂದಿಗೂ ಲಾಯದವರ ಅಳತೆಗೋಲು. ಆ ನಂಬಿಕೆಯನ್ನು ಬೆಳೆಸಿಕೊಂಡವನು ಎಂದು ಓದಿದಾಗ ಮಾದ್ರಿಯ ಹಿರಿಯ ಮಗ ಉಳಿದವರ ನೆರಳಿನಿಂದ ಒಂದು ಹೆಜ್ಜೆ ಈಚೆ ಬರುತ್ತಾನೆ.

ಆದರೆ ಈ ಓದಿಗೆ ಕಥೆಯೇ ಒಡ್ಡುವ ತೊಡಕನ್ನು ಮರೆಮಾಡುವಂತಿಲ್ಲ. ನಕುಲ ಅಶ್ವಬಂಧನ ಕೆಲಸ ಕೇಳುತ್ತಾನೆ, ವಿರಾಟ ಅವನ ರೂಪ ನೋಡಿ ತನ್ನ ಕುದುರೆಗಳನ್ನಷ್ಟೇ ಅಲ್ಲದೆ ಅವುಗಳ ಆಳುಗಳನ್ನೂ ಅವನ ಕೈಕೆಳಗಿಡುತ್ತಾನೆ. ಬೇಡಿದ್ದು ಕೂಲಿ, ದಕ್ಕಿದ್ದು ಅಧಿಕಾರ. ಹಾಗಾಗಿ ಬಾಲ ಬಿಡಿಸುವ ಕೈ ನಕುಲನದೇ ಆಗಿತ್ತೆಂದು ಹಟ ಹಿಡಿಯುವುದು ಸಲ್ಲದು. ರಾಜಕುಮಾರ ವೇಷ ಹಾಕಿದರೂ ಕಥೆ ಅವನನ್ನು ಕೇಶಕಾರನ ಸಾಲಿನವರೆಗೆ ಇಳಿಸಿ, ಮುಟ್ಟಿಸುವ ಮೊದಲೇ ಮೇಲೆತ್ತಿಕೊಳ್ಳುತ್ತದೆ. ವಲಲ ನಿಜವಾಗಿ ಒಲೆಯ ಮುಂದೆ ಬೆವರುತ್ತಾನೆ, ಸೈರಂಧ್ರಿ ನಿಜವಾಗಿ ಗಂಧ ತೇಯುತ್ತಾಳೆ; ತೇದು ತೇದು ಜಡ್ಡುಗಟ್ಟಿದ ಅಂಗೈಗಳನ್ನು ಭೀಮನಿಗೆ ತೋರಿಸುತ್ತಾಳೆ. ನಕುಲನ ಅಂಗೈ ಯಾರಿಗೂ ಕಾಣಿಸಿಲ್ಲ. ಇದು ಕಾವ್ಯದ ಮರೆವೋ ಮರ್ಯಾದೆಯೋ ಎಂಬುದು ಚರ್ಚೆಗೆ ಯೋಗ್ಯವಾದ ಪ್ರಶ್ನೆ.

ಮರ್ಯಾದೆಯೇ ಹೆಚ್ಚೆಂದು ತೋರುತ್ತದೆ, ಏಕೆಂದರೆ ಪ್ರಾಣಿಯ ಬಳಿ ನಿಲ್ಲುವವನು ಕನ್ನಡ ಕಾವ್ಯದೊಳಗೆ ಕಾಲಿಟ್ಟ ಇನ್ನೊಂದು ಪ್ರಸಿದ್ಧ ಪ್ರಸಂಗ ಇದನ್ನೇ ಬೇರೆ ದಿಕ್ಕಿನಿಂದ ಹೇಳುತ್ತದೆ. 1209ರ ಯಶೋಧರ ಚರಿತೆಯಲ್ಲಿ ಜನ್ನ ಒಬ್ಬ ಮಾವುತನನ್ನು ತರುತ್ತಾನೆ. ಅಷ್ಟಾವಂಕನ ದನಿ ರಾಣಿ ಅಮೃತಮತಿಯ ಕಿವಿಗೆ ಮೊದಲು ಬೀಳುತ್ತದೆ, ಮೈ ಆಮೇಲೆ ಕಣ್ಣಿಗೆ ಬೀಳುತ್ತದೆ. ಆ ಮೈಯ ಕುರೂಪವನ್ನು ಕವಿ ಅಂಗಾಂಗವಾಗಿ ಎಣಿಸುತ್ತಾನೆ. ಆನೆಯೊಡನೆ ಅವನು ಮಾಡುವ ಕೆಲಸಕ್ಕೆ ಕಾವ್ಯದಲ್ಲಿ ಬೆಲೆಯಿಲ್ಲ, ಅದು ಅವನ ವಿಳಾಸ ಮಾತ್ರ. ಪಶುಪಾಲಕ ಕಾವ್ಯದೊಳಗೆ ಬರಬೇಕಾದರೆ ಒಂದೋ ವೇಷ ಹಾಕಿದ ರಾಜಕುಮಾರನಾಗಿರಬೇಕು, ಇಲ್ಲವೇ ಅರಮನೆಯ ಅಪಚಾರವಾಗಿರಬೇಕು. ವಚನಕಾರರಲ್ಲಿ ಮಾತ್ರ ಈ ಕಟ್ಟು ಸಡಿಲವಾಗುತ್ತದೆ. ದನ ಕಾಯುವ ತುರುಗಾಹಿ ರಾಮಣ್ಣ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ತಮ್ಮ ಕಾಯಕದ ಹೆಸರಿನಲ್ಲೇ ನಿಂತು ಮಾತನಾಡುತ್ತಾರೆ. ದಾಮ ಹೊಸೆಯುವವನೇ ಅಲ್ಲಿ ಶರಣ.

ಕುದುರೆಯನ್ನು ಕಾವ್ಯ ನೋಡದೆ ಇಲ್ಲ, ತುಂಬ ನೋಡುತ್ತದೆ. ನೋಡುವುದು ಎಲ್ಲಿಂದ ಎಂಬುದೇ ವಿಷಯ. ಲಕ್ಷ್ಮೀಶನ ಜೈಮಿನಿ ಭಾರತ ಒಂದು ಕುದುರೆಯ ಹಿಂದೆ ವರ್ಷವಿಡೀ ನಡೆಯುವ ಕಾವ್ಯ. ಭದ್ರಾವತಿಯಿಂದ ತಂದ ಆ ಕುದುರೆ ಬಂಡೆಗೆ ಅಂಟಿಕೊಳ್ಳುತ್ತದೆ, ಕೊಳಕ್ಕಿಳಿದು ಹೆಣ್ಣುಕುದುರೆಯಾಗುತ್ತದೆ, ಮತ್ತೊಂದು ಕೊಳದಲ್ಲಿ ಹುಲಿಯಾಗುತ್ತದೆ, ಸ್ತ್ರೀರಾಜ್ಯ ಹೊಕ್ಕು ಮಣಿಪುರ ದಾಟಿ ಅಲೆಯುತ್ತದೆ. ನಾಡಿನ ಕೆಸರೆಲ್ಲ ಅದರ ಕಾಲಿಗೆ ಬಾಲಕ್ಕೆ ಹತ್ತಿರಬೇಕು. ಕಾವ್ಯದ ಕಣ್ಣು ಮಾತ್ರ ಅದರ ಹಣೆಯ ಮೇಲಿದೆ. ಅದೇ ಕಾವ್ಯದೊಳಗಿನ ರಾಮಾಶ್ವಮೇಧದ ಪ್ರಸಂಗ, ಶಾಲೆಯ ಪಠ್ಯಗಳ ಮೂಲಕ ಕನ್ನಡಿಗರೆಲ್ಲ ಬಲ್ಲದ್ದು, ಇದಕ್ಕೆ ಒಳ್ಳೆಯ ಉದಾಹರಣೆ. ವಾಲ್ಮೀಕಿಯ ತೋಟಕ್ಕೆ ನುಗ್ಗಿದ ಕುದುರೆಯ ಬಳಿ ಲವ ಬರುತ್ತಾನೆ, ಹಣೆಯ ಪಟ್ಟದ ಲೇಖವನ್ನು ಓದುತ್ತಾನೆ, ಸಿಟ್ಟಾಗುತ್ತಾನೆ, ಉತ್ತರೀಯವನ್ನೇ ಹಗ್ಗ ಮಾಡಿ ಬಾಳೆಗೆ ಕಟ್ಟುತ್ತಾನೆ. ಅಲ್ಲಿಗೆ ಆ ಮಗುವೂ ಒಂದು ಬಗೆಯ ದಾಮಗ್ರಂಥಿಯೇ. ಬಾಳೆಯ ದಿಂಡಿಗೆ ಬಟ್ಟೆಯಲ್ಲಿ ಕಟ್ಟಿದರೂ ನಿಂತ ಕುದುರೆ ಅದೆಂಥ ಸಾಧುಪ್ರಾಣಿಯೋ ಎಂದು ಲಾಯದವನಾದರೆ ಕೇಳುತ್ತಿದ್ದ. ಕಾವ್ಯಕ್ಕೆ ಅದು ಬೇಕಿಲ್ಲ. ಓದಲು ಬರುವ ಹಣೆ ಮುಂದಿರುವಾಗ ಓದಲು ಬಾರದ ಹಿಂಬದಿಯ ಕಡೆ ತಿರುಗುವ ಕಾರಣವೂ ಇಲ್ಲ.

ಬಾಲವನ್ನೇ ಕೇಂದ್ರವಾಗಿಟ್ಟುಕೊಂಡ ಮಹಾಭಾರತದ ಒಂದೇ ಒಂದು ದೊಡ್ಡ ಕತೆ ಆಸ್ತೀಕಪರ್ವದ ಕದ್ರು ವಿನತೆಯರದು. ಉಚ್ಚೈಃಶ್ರವಸ್ಸಿನ ಬಾಲ ಬಿಳಿದೋ ಕಪ್ಪೋ ಎಂಬ ಪಂಥ, ಸೋತವಳಿಗೆ ದಾಸ್ಯ. ಕದ್ರುವಿನ ಮಕ್ಕಳಾದ ಸರ್ಪಗಳು ಕರಿಯ ಕೂದಲುಗಳಂತೆ ಬಾಲಕ್ಕೆ ಸುತ್ತಿಕೊಳ್ಳುತ್ತವೆ, ಅಕ್ಕತಂಗಿಯರು ಕಡಲು ದಾಟಿ ಹೋಗಿ ನೋಡುತ್ತಾರೆ, ವಿನತೆ ಸೋಲುತ್ತಾಳೆ. ಈ ಕತೆಯನ್ನು ಮೋಸದ ಕತೆಯೆಂದು ಓದುವುದು ಸರಿ. ಆದರೆ ಮೋಸ ನಿಂತಿರುವ ನೆಲ ಯಾವುದು ಎಂದು ನೋಡಿದರೆ ಕೈಯಿಡದೆ ಕಣ್ಣಿನಿಂದಲೇ ತೀರ್ಮಾನಿಸುವ ಪದ್ಧತಿ. ಆ ಬಾಲಕ್ಕೆ ಒಮ್ಮೆ ಬಾಚಣಿಗೆ ಹಾಕಿದ್ದರೆ ಹಾವುಗಳು ಉದುರುತ್ತಿದ್ದವು. ಆದರೆ ಅದು ಕಡಲಿನಿಂದ ಹುಟ್ಟಿದ ದಿವ್ಯಾಶ್ವ, ಅದಕ್ಕೆ ಲಾಯವಿಲ್ಲ, ಲಾಯದ ಆಳಿಲ್ಲ. ವಿನತೆಯ ಸಾಕ್ಷಿಗೆ ಕೇಶಕಾರ ಸಿಗಲಿಲ್ಲ.

ಯುದ್ಧಕಾವ್ಯಗಳಲ್ಲಿ ಕುದುರೆಗೆ ಕೆಸರು ಹತ್ತುವ ಇನ್ನೊಂದು ಸ್ಥಳವಿದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನೊಡನೆ ರಣಭೂಮಿಯ ನಡುವೆ ನಡೆದು ಹೋಗುವ ಭಾಗ ಕನ್ನಡದ ಮಹತ್ವದ ಗಳಿಗೆಗಳಲ್ಲೊಂದು. ಆನೆ ಕುದುರೆಗಳ ಹೆಣಗಳು, ನೆತ್ತರ ಕೆಸರು ಅಲ್ಲಿನ ನೆಲವೇ ಆಗಿವೆ. ಅಲ್ಲಿ ತೊಳೆಯುವವರಿಲ್ಲ ಎಂಬುದು ಕೊರತೆಯಲ್ಲ, ಅದೇ ಕಾವ್ಯದ ಅರ್ಥ. ಪ್ರತಿಯೊಂದು ಹೆಣದ ಬಳಿಯೂ ದುರ್ಯೋಧನನಿಗೆ ಒಬ್ಬ ಬಂಧು ಸಿಗುತ್ತಾನೆ. ಕುದುರೆಗಳಿಗೆ ಯಾರೂ ಸಿಗುವುದಿಲ್ಲ.

ಹಾಗಾದರೆ ಲಾಯದ ತಿಳಿವಳಿಕೆ ಎಲ್ಲಿ ಹೋಯಿತು ಎಂದರೆ ಶಾಸ್ತ್ರಗ್ರಂಥಗಳತ್ತ ತಿರುಗಬೇಕಾಗುತ್ತದೆ, ಕನ್ನಡದಲ್ಲಿ ಅವು ಕಡಿಮೆಯಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಗೋವೈದ್ಯ, ಸುಮಾರು 1400ರ ಅಭಿನವಚಂದ್ರನ ಅಶ್ವವೈದ್ಯ, ಮೈಸೂರು ಅರಸರ ಕಾಲದ ಪದ್ಮಣಪಂಡಿತನ ಹಯಸಾರಸಮುಚ್ಚಯ (1627) ಹೀಗೆ ಒಂದು ಸಾಲೇ ಇದೆ. ಸಂಸ್ಕೃತದಲ್ಲಾದರೂ ಕನ್ನಡ ನೆಲದಲ್ಲಿ ಹುಟ್ಟಿದ ಎರಡು ವಿಶ್ವಕೋಶಗಳನ್ನು, ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವನ್ನೂ ಕೆಳದಿ ಬಸವರಾಜನ ಶಿವತತ್ತ್ವರತ್ನಾಕರವನ್ನೂ, ಇದರೊಡನೆ ಸೇರಿಸಿಕೊಳ್ಳಬೇಕು. ಆರ್. ನರಸಿಂಹಾಚಾರ್ಯರ ಕವಿಚರಿತೆ ಇಂಥ ಲೇಖಕರನ್ನೂ ಕವಿಗಳ ಪಂಕ್ತಿಯಲ್ಲೇ ಕೂರಿಸಿತು. ಆಮೇಲಿನ ಸಾಹಿತ್ಯಚರಿತ್ರೆಗಳಲ್ಲಿ ಅವರು ಒಂದು ವಾಕ್ಯಕ್ಕೆ, ಕೆಲವೊಮ್ಮೆ ಒಂದು ಆವರಣಚಿಹ್ನೆಗೆ ಇಳಿದರು. ಪಶುವೈದ್ಯರಿಗೆ ಹಳಗನ್ನಡ ಬಾರದು, ಹಳಗನ್ನಡದವರಿಗೆ ಪಶು ಬೇಡ. ಹಸ್ತಪ್ರತಿಗಳು ನಡುವೆ ಉಳಿದವು.

ಆದರೆ ಈ ಶಾಸ್ತ್ರಗಳಲ್ಲೂ ಬಾಲದ ಸಿಕ್ಕು ಬಿಡಿಸುವ ಪಾಠ ಹುಡುಕುವವರು ತಾಳ್ಮೆ ಇಟ್ಟುಕೊಳ್ಳಬೇಕು. ಅಶ್ವಶಾಸ್ತ್ರದ ಪರಂಪರೆ ಮುಖ್ಯವಾಗಿ ಎರಡು ಕೆಲಸಗಳಿಗೆ ಬೆಳೆದದ್ದು: ಕುದುರೆ ಕೊಳ್ಳುವುದು, ಕೊಂಡ ಕುದುರೆ ಸಾಯದಂತೆ ನೋಡಿಕೊಳ್ಳುವುದು. ಹಾಗಾಗಿ ಬಣ್ಣ, ಹಲ್ಲಿನಿಂದ ತಿಳಿಯುವ ವಯಸ್ಸು, ನಡೆ, ಕೂಗು, ಮೈಮೇಲಿನ ಸುಳಿಗಳ ಶುಭಾಶುಭ ಇವುಗಳಿಗೆ ಅಧ್ಯಾಯಗಳು ಮೀಸಲು. ವರಾಹಮಿಹಿರನ ಬೃಹತ್ಸಂಹಿತೆಯಲ್ಲೂ ಹಾಗೆಯೇ. ಸುಳಿ ನೋಡುವ ಈ ವಿದ್ಯೆ ನಾಡಿನ ದನದ ಜಾತ್ರೆಗಳಲ್ಲಿ ಇನ್ನೂ ಜೀವಂತವಾಗಿದೆ. ಇದೆಲ್ಲ ಲಕ್ಷಣ, ಕೊಳ್ಳುವವನ ಕಣ್ಣು. ಬೆಲೆಯ ಒತ್ತಡವೂ ಸಣ್ಣದಲ್ಲ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ನೂನಿಜ್ ಬರೆದಿದ್ದಾನೆ, ಆರ್ಮುಜಿನಿಂದ ಬಂದವು, ನಾಡಿನವು ಎರಡೂ ಸೇರಿ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದರೂ ಇರಲಿ, ಹಡಗಿನಲ್ಲಿ ಬಂದಿಳಿದ ಪ್ರಾಣಿಯ ಬಾಲ ಹೇಗಿದ್ದೀತು ಎಂಬುದನ್ನು ಊಹಿಸಲು ಲೆಕ್ಕ ಬೇಕಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳನ್ನು ನಡೆಸಿಕೊಂಡು ಬರುವ ಪರದೇಶಿಗಳಿದ್ದಾರೆ. ಅಲ್ಲಿಯ ಹಬ್ಬದ ಮೆರವಣಿಗೆಯಲ್ಲಿ ಸಿಂಗರಿಸಿದ ಕುದುರೆಗಳನ್ನು ಪಾಯೆಸ್ ಬೆರಗಿನಿಂದ ಬಣ್ಣಿಸಿದ್ದಾನೆ. ಹಡಗಿಗೂ ಮೆರವಣಿಗೆಗೂ ನಡುವೆ ಎಷ್ಟೋ ಕೈಗಳ ಕೆಲಸವಿದೆ.

ಆ ಕೆಲಸ ಬರಹಕ್ಕೆ ಬಾರದ್ದಕ್ಕೆ ತಿರಸ್ಕಾರವೊಂದೇ ಕಾರಣವೆಂದರೆ ತಪ್ಪಾದೀತು. ದಿನವೂ ಮಾಡುವ, ನೋಡಿ ಕಲಿಯುವ, ಕೈಗೆ ಒಗ್ಗುವ ಕೆಲಸವನ್ನು ಬರೆದಿಡುವ ಅಗತ್ಯ ಆಳಿಗಿರಲಿಲ್ಲ, ಅರಸನಿಗೂ ಇರಲಿಲ್ಲ. ಶಾಸನಗಳಲ್ಲಿ ಸಾಹಣಿ, ಮಹಾಸಾಹಣಿ ಎಂಬ ಲಾಯದ ಅಧಿಕಾರಿಗಳು ಸಿಗುತ್ತಾರೆ. ಅವರ ಕೈಕೆಳಗಿನವರ ಕೆಲಸ ಬಾಯಿಮಾತಿನಲ್ಲೇ ಉಳಿಯಿತು. ಆ ಮಾತಿನ ಚೂರುಗಳು ಭಾಷೆಯಲ್ಲಿ ಮಾತ್ರ ಅಲ್ಲಲ್ಲಿ ಅಂಟಿಕೊಂಡಿವೆ: ಗೊರಪ, ಲಾಯ, ಸುಳಿ, ಮಾಲೀಸು, ಸಿಕ್ಕು. ಬಾಲ ಎಂಬ ಮಾತೂ ಈ ಗುಂಪಿನದೇ. ಸಂಸ್ಕೃತದ ವಾಲ ಶಬ್ದಕ್ಕೆ ಕೂದಲು, ಅದರಲ್ಲೂ ಬಾಲದ ಕೂದಲು ಎಂದು ಅರ್ಥ. ಕನ್ನಡ ಕಾವ್ಯ ಆ ಕೂದಲನ್ನು ಹೆಚ್ಚಾಗಿ ಚಾಮರವಾಗಿ ಕಂಡಿದೆ. ಚಾಮರವೋ ಸತ್ತ ಚಮರೀಮೃಗದ ಬಾಲ, ತೊಳೆದು ಬಾಚಿ ಹಿಡಿ ಹಾಕಿದ್ದು, ಬೀಸುವುದು ಅರಸನಿಗಾಗಿ. ಜೀವಂತ ಕುದುರೆಯ ಬಾಲವನ್ನು ಅದಕ್ಕೆ ಹೋಲಿಸಿದೊಡನೆ ನೊಣವೂ ಹೋಯಿತು, ಕೆಸರೂ ಹೋಯಿತು. ಅಶ್ವಶಾಸ್ತ್ರದ ಹಸ್ತಪ್ರತಿಗಳನ್ನು ಸಂಪಾದಿಸುವವರು ಔಷಧಿಯ ಪಟ್ಟಿಗಳ ನಡುವೆ ಅಡಗಿರುವ ಕ್ರಿಯಾಪದಗಳನ್ನು, ತಿಕ್ಕು, ಒರಸು, ಬಿಡಿಸು, ಹಿಂಡು ಎಂಬಂಥವನ್ನು, ಪ್ರತ್ಯೇಕವಾಗಿ ಸೂಚಿಗೆ ಎತ್ತಿಕೊಟ್ಟರೆ ಕೋಶಗಳಿಗೂ ಕಾವ್ಯವಿಮರ್ಶೆಗೂ ದೊಡ್ಡ ಉಪಕಾರವಾಗುತ್ತದೆ. ನಾಮಪದಗಳ ಸೂಚಿ ಮಾಡುವುದು ಇಲ್ಲಿಯವರೆಗಿನ ರೂಢಿ.

ಬಾಲದ ಕೂದಲು ಒಂದೊಂದಾಗಿ ಲೆಕ್ಕಕ್ಕೆ ಬಂದದ್ದು ಯಜ್ಞದ ಪ್ರಕರಣದಲ್ಲಿ. ಶತಪಥ ಬ್ರಾಹ್ಮಣದ ಅಶ್ವಮೇಧ ಕಾಂಡದಲ್ಲಿ ಅರಸನ ಪತ್ನಿಯರು ಕುದುರೆಗೆ ತುಪ್ಪ ಸವರುತ್ತಾರೆ, ಕೂದಲಿಗೆ ಚಿನ್ನದ ಮಣಿಗಳನ್ನು ಹೆಣೆಯುತ್ತಾರೆ, ಒಬ್ಬೊಬ್ಬಳೂ ನೂರೊಂದು. ಕುದುರೆಯ ಮೈ ಮೂವರಲ್ಲಿ ಹಂಚಿಹೋಗಿದೆ. ಮುಂಭಾಗ ಪಟ್ಟದರಸಿ ಮಹಿಷಿಗೆ, ನಡು ಅರಸನ ಪ್ರೀತಿಯ ವಾವಾತೆಗೆ, ಹಿಂಭಾಗ ಪರಿವೃಕ್ತಿಗೆ. ಪರಿವೃಕ್ತಿಯೆಂದರೆ ಅರಸ ಕೈಬಿಟ್ಟ ಹೆಂಡತಿ. ಬಾಲ ಅವಳ ಪಾಲಿಗೆ ಬರುತ್ತದೆ. ಮಣಿ ಹೆಣೆಯುವುದಕ್ಕೆ ಬ್ರಾಹ್ಮಣ ಕೊಡುವ ಕಾರಣ ಅಲಂಕಾರವಲ್ಲ. ತೋಯಿಸಿದ ಕುದುರೆಯ ಕೂದಲು ಉದುರಿದರೆ ಹವಿಸ್ಸು ಚೆಲ್ಲಿದಂತೆ, ಮಣಿ ಹೆಣೆದು ಆ ಕೂದಲನ್ನು ಕೂಡಿಸಿಟ್ಟಂತೆ ಎಂಬುದು ಅದರ ಅಭಿಪ್ರಾಯ. ಸಿಕ್ಕುಗಟ್ಟಿದ ಬಾಲದಲ್ಲಿ ನೂರೊಂದು ಮಣಿ ಹೆಣೆಯುವಂತಿಲ್ಲ. ಮೊದಲು ಅದನ್ನು ಯಾರೋ ತುದಿಯಿಂದ ಬುಡದವರೆಗೆ ಬಿಡಿಸಿ ಕೊಟ್ಟಿರಬೇಕು, ಅಥವಾ ಅವಳೇ ಬಿಡಿಸಿಕೊಂಡಿರಬೇಕು. ಜೈಮಿನಿಯ ಕಥಾಪರಂಪರೆ ಈ ಕುದುರೆಯನ್ನು ಕನ್ನಡಕ್ಕೆ ತರುವ ಹೊತ್ತಿಗೆ ಮೂವರು ರಾಣಿಯರ ಆ ಕೆಲಸ ಕಣ್ಮರೆಯಾಗಿದೆ. ವರ್ಷವಿಡೀ ಅಲೆದು ಬಂದ ಕುದುರೆಯ ಮೈ ಅಲ್ಲಿ ಕರ್ಪೂರವಾಗುತ್ತದೆ, ಬೆಂಕಿಗೆ ಬಿದ್ದು ಉರಿಯುತ್ತದೆ.